ಮದ್ದಿನ ತಕ್ಕಡಿಗೆ ಕೊಸರಿಲ್ಲ

ನನ್ನ ಕಪಾಟಿನಲ್ಲಿ, ಊದುಬತ್ತಿಯ ಕಟ್ಟಿನ ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆಯಿದೆ. ಅದರೊಳಗೆ ಕೆಂಪು ಮಖಮಲ್ಲಿನ ಮೇಲೆ ಅಕ್ಕಸಾಲಿಗರ ಪುಟ್ಟ ಹಿತ್ತಾಳೆ ತಕ್ಕಡಿ ಮಲಗಿದೆ. ಇದರಲ್ಲಿ ಚಿನ್ನ ತೂಗಿದ್ದೇನೆಂದು ನೀವು ತಿಳಿದರೆ ತಪ್ಪೇನಿಲ್ಲ, ಗೆಳೆಯರೇ. ನಾನು ತೂಗಿದ್ದು ಬಂದೂಕಿನ ಮದ್ದು.

ಸೇರು ಹೋಗಿ ಕಿಲೋ ಬಂದ ಹೊಸತು. ಗಡಹಿಂಗ್ಲಜದಲ್ಲಿ ನಮ್ಮದು ಕಿರಾಣಿ ಅಂಗಡಿ, ಊರಾಚೆ ಕಬ್ಬಿನ ಹೊಲ. ಕಬ್ಬಿಗೆ ಕಾಡುಹಂದಿಯ ಕಾಟ. ಪರವಾನಗಿಯ ಬಂದೂಕು ಹಿಡಿಯುವವನು ಅಣ್ಣ. ಖಾಲಿಯಾದ ಕಾಡತೂಸುಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬುವವನು ನಾನು. ಅದಕ್ಕೊಂದು ಅಳತೆಯ ಸಾಧನ ತರಲು ಕೊಲ್ಲಾಪುರಕ್ಕೆ ಹೋದೆ. ಹಿಡಿಕೆ ತಿರುವಿದಷ್ಟು ಸಲವೂ ಒಂದೇ ಅಳತೆಯ ಮದ್ದು ಉದುರಿಸುವ ಯಂತ್ರವೊಂದನ್ನು ಬಂದೂಕಿನ ಅಂಗಡಿಯವರು ತೋರಿಸಿ, “ಹಾತ ಚುಕತೋ ಶೇಠ, ಹೇ ಚುಕತ ನಾಹೀ” ಎಂದರು. ಕೈ ತಪ್ಪುತ್ತದಂತೆ, ಅದು ತಪ್ಪುವುದಿಲ್ಲವಂತೆ! ಅಜ್ಜನ ಕಾಲದಿಂದ ತಕ್ಕಡಿ ಹಿಡಿದ ಮನೆಯವನಿಗೆ ಹೇಳುವ ಮಾತೇ ಇದು? ಮೈ ಉರಿಯಿತು. ನೆಟ್ಟಗೆ ಅಕ್ಕಸಾಲಿಗರ ಓಣಿಗೆ ನಡೆದು, ಹತ್ತಾರು ತಕ್ಕಡಿಗಳಲ್ಲಿ ಗುಲಗಂಜಿ ಇಟ್ಟು ನೋಡಿ, ಉಸಿರು ತಾಗಿದರೂ ಮುಳ್ಳು ಅಲುಗುವ ಇದನ್ನೇ ಆರಿಸಿದೆ. ಆಯ್ಕೆಯಲ್ಲಿ ನಾನು ಸೋಲಲಿಲ್ಲ; ಇಂದಿಗೂ ಎದೆ ತಟ್ಟಿ ಹೇಳುತ್ತೇನೆ.

ಮರುದಿನ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಒಂದೊಂದೇ ಕಾಡತೂಸಿಗೆ ಮದ್ದು ತೂಗಿ ಸುರಿದು ಸಾಲಾಗಿ ನಿಲ್ಲಿಸತೊಡಗಿದೆ. ಮೇಲೆ ರಟ್ಟಿನ ಬಿಲ್ಲೆ ಒತ್ತಿ ಗುಂಡು ತುಂಬುವುದು ಬಾಕಿ. ಸಂಜೆ ಹೊಲಕ್ಕೆ ಹೊರಡಲು ಅಣ್ಣ ಬಂದೂಕು ಒರೆಸುತ್ತಿದ್ದ. ಎದುರಿಗೆ ಜೋಳ ಹಸನು ಮಾಡುತ್ತಿದ್ದ ಅವನ ಹೆಂಡತಿ, ನಮ್ಮ ವೈನಿ, ತಟ್ಟನೆ ಮೊರ ಕೆಳಗಿಟ್ಟರು.

“ಮೈದನಾರ, ತೂಗಿದ ಮ್ಯಾಲೆ ಮತ್ತ ಚಿಟಿಕಿ ಯಾಕ ಹಾಕಿದ್ರಿ?”

“ನಾ ಎಲ್ಲಿ ಹಾಕೀನ್ರಿ?”

“ಹಾಕೀರಿ, ನಾ ನೋಡೇನಿ. ಗಿರಾಕಿಗೆ ಕೊಸರು ಕೊಟ್ಟಂಗ ಕೊಡಾಕತ್ತೀರಲ್ರಿ! ಬಂದೂಕು ನಿಮ್ಮ ಗಿರಾಕಿ ಏನ್ರಿ? ಅದನ್ನ ಗಲ್ಲಕ್ಕ ಹಚ್ಚಿ ಹಿಡಿಯಾವ್ರು ನಮ್ಮ ಮನಿಯವ್ರು!”

ಬೆರಳು ನೋಡಿಕೊಂಡೆ, ತುದಿಯೆಲ್ಲ ಕಪ್ಪು. ಸಕ್ಕರೆಯೋ ಬೇಳೆಯೋ, ತೂಕ ಸರಿಯಾದ ಮೇಲೂ ಒಂದು ಚಿಟಿಕೆ ಮೇಲೆ ಹಾಕದೆ ಪೊಟ್ಟಣ ಕಟ್ಟಿದವನಲ್ಲ ನಾನು. ಎಲ್ಲವನ್ನೂ ಮತ್ತೆ ಸುರಿದು ತೂಗಿದೆ. ಹನ್ನೆರಡರಲ್ಲಿ ಏಳು ಹೆಚ್ಚಿದ್ದವು, ಅದರಲ್ಲೂ ಎರಡು ಭಾಳ ಹೆಚ್ಚು. ಆ ಎರಡರಲ್ಲಿ ಒಂದನ್ನು ಹಾರಿಸಿದ್ದರೂ ನಳಿಗೆಯೇ ಸಿಡಿಯಬಹುದಿತ್ತು.

“ನಿನ್ನ ಧಾರಾಳತನ ನನ್ನ ಮಾರಿಗೆ ಬಡೀತಿತ್ತಲ್ಲೋ ತಮ್ಮಾ,” ಎಂದು ಅಣ್ಣ ನಕ್ಕ. ವೈನಿ ನಗಲಿಲ್ಲ.

ಕೊಸರನ್ನು ನಾನು ಹಳಿಯುವವನಲ್ಲ. ತೂಕ ವ್ಯಾಪಾರ, ಕೊಸರು ವಿಶ್ವಾಸ. ಅದಿಲ್ಲದೆ ಅಂಗಡಿಗೂ ಗೋದಾಮಿಗೂ ಏನು ವ್ಯತ್ಯಾಸ? ಆದರೆ ಅದನ್ನು ಕೊಡುವುದು ನಾನೆಂದು ಬೀಗುತ್ತಿದ್ದೆನಲ್ಲ, ಕೊಡುತ್ತಿದ್ದುದು ಬರೀ ನನ್ನ ಬೆರಳು. ನನ್ನ ಔದಾರ್ಯಕ್ಕೆ ನನ್ನ ಪರಿಚಯವೇ ಇರಲಿಲ್ಲ. ಅಂದಿನಿಂದ ಮದ್ದು ತೂಗುವಾಗ ಮುಳ್ಳು ನಿಂತೊಡನೆ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎಡಗೈಯಿಂದಲೇ ಸುರಿಯತೊಡಗಿದೆ.

ಬಂದೂಕು ಎಂದೋ ಹೋಯಿತು. ಈಗ ಪೆಟ್ಟಿಗೆ ತೆರೆದು ತಕ್ಕಡಿ ಒರೆಸುತ್ತಿದ್ದೇನೆ. ಎದುರಿಗೆ ಅಣ್ಣ ಈ ವಯಸ್ಸಿನಲ್ಲೂ ಕನ್ನಡಕವಿಲ್ಲದೆ ಪೇಪರು ಓದುತ್ತಿದ್ದಾನೆ. ಚಹಾ ತಂದಿಟ್ಟ ವೈನಿ ಮೊದಲು ತಕ್ಕಡಿ ನೋಡಿದರು, ಆಮೇಲೆ ನನ್ನ ಬಲಗೈ. ಅದು ಆಗಲೇ ಬೆನ್ನ ಹಿಂದೆ ಹೋಗಿತ್ತು.