ಮಾಳಪ್ಪನ ಮಗಳ ಮದುವೆಯ ಹುಗ್ಗಿ

ನಾನು ಇಂಥದ್ದನ್ನೆಲ್ಲ ನಂಬುವ ಪೈಕಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ನನ್ನನ್ನು ಬೈಯಬಾರದು. ಯಾರಾದರೂ ದೆವ್ವ ಕಂಡೆ ಎಂದರೆ ‘ನಿನ್ನೆ ರಾತ್ರಿ ಏನು ಉಂಡಿದ್ದಿ?’ ಎಂದು ಕೇಳುವವನು ನಾನು. ಅಂಥ ಕಥೆಗಳಲ್ಲಿ ಯಾವಾಗಲೂ ಅಮಾವಾಸ್ಯೆ ಇರುತ್ತದೆ, ಒಂದು ಹುಣಸೆಮರ ಇರುತ್ತದೆ, ಕಂಡವನು ಮಾತ್ರ ಒಬ್ಬನೇ ಇರುತ್ತಾನೆ. ಸಾಕ್ಷಿಗೆ ಒಂದು ನಾಯಿಯೂ ಸಿಗುವುದಿಲ್ಲ. ನನಗೆ ಆದದ್ದು ಹಾಡಹಗಲು, ಸೂರ್ಯ ನೆತ್ತಿಯ ಮೇಲಿದ್ದಾಗ, ಸಾವಿರಕ್ಕೂ ಹೆಚ್ಚು ಮಂದಿಯ ನಡುವೆ. ಅವರೆಲ್ಲ ಹೊಟ್ಟೆ ತುಂಬ ಉಂಡು, ಎಲೆ ಅಡಿಕೆ ಹಾಕಿಕೊಂಡು, ನಗುತ್ತ ಮನೆಗೆ ಹೋದರು. ವಿಚಿತ್ರ ಇರುವುದು ಅಲ್ಲಿಯೇ.

ಎಪ್ಪತ್ತರ ದಶಕದ ನಡುವಿನ ಮಾತು. ಬರಗಾಲ ಕಳೆದು ಎರಡು ಸುಗ್ಗಿ ಆಗಿದ್ದವು. ಮುಂದೂಡಿದ್ದ ಮದುವೆಗಳೆಲ್ಲ ಒಮ್ಮೆಲೇ ಎದ್ದು ಕೂತಿದ್ದವು. ಇಂಡಿಯಲ್ಲಿ ನಮ್ಮ ಸೋದರಮಾವನದು ಬಾಡಿಗೆ ಪಾತ್ರೆ ಮತ್ತು ಹಂದರದ ಅಂಗಡಿ. ಅಲ್ಲಿ ಕೂತು ಕೂತು ನಾನು ಒಂದು ಸಂಗತಿ ಗಮನಿಸಿದ್ದೆ. ಹೆಣ್ಣಿನ ತಂದೆ ಪಾತ್ರೆಗೆ ನಮ್ಮಲ್ಲಿಗೆ ಬರುತ್ತಾನೆ, ಬಾಸಿಂಗ ಬಟ್ಟೆಗೆ ಸಿಂದಗಿಗೆ ಹೋಗುತ್ತಾನೆ, ಬ್ಯಾಂಡಿನವರನ್ನು ಗೊತ್ತುಮಾಡಲು ಬಸವನ ಬಾಗೇವಾಡಿಗೆ ಓಡುತ್ತಾನೆ, ಅಡುಗೆಯವರನ್ನು ಹುಡುಕಿ ಝಳಕಿಗೆ ಹೋಗುತ್ತಾನೆ. ಮಗಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಅವನ ಮುಖ ನೋಡುವ ಹಾಗಿರುವುದಿಲ್ಲ. ಈ ಓಡಾಟವನ್ನೆಲ್ಲ ಒಬ್ಬನೇ ವಹಿಸಿಕೊಂಡರೆ ಹೇಗೆ ಅನ್ನಿಸಿತು. ಅಂಗಡಿಯ ಪಕ್ಕಕ್ಕೆ ‘ಇಲ್ಲಿ ಮದುವೆಯ ಸಕಲ ವ್ಯವಸ್ಥೆ ಮಾಡಿಕೊಡಲಾಗುವುದು’ ಎಂದು ಬೋರ್ಡು ಬರೆಸಿ ತೂಗುಹಾಕಿದೆ.

ಊರೆಲ್ಲ ನಕ್ಕಿತು. ‘ಮದುವಿ ಮಾಡಿ ನೋಡು ಅಂದಾರ ಹಿರ್ಯಾರು. ಗುತ್ತಿಗಿ ಹಿಡಿದು ನೋಡು ಅಂದಿಲ್ಲ,’ ಎಂದ ನಮ್ಮ ಮಾವ. ನನಗಿನ್ನೂ ಮದುವೆಯಾಗಿರಲಿಲ್ಲ. ಅದು ನಮ್ಮ ತಾಯಿಗೆ ಒಳ್ಳೆಯ ನೆಪವಾಯಿತು. ‘ತನ್ನ ಹಣಿಗೆ ಬಾಸಿಂಗ ಇಲ್ಲ, ಊರ ಮಂದಿಗೆ ಕಟ್ಟಾಕ ಹೊಂಟಾನ,’ ಎಂದು ಬಂದವರ ಮುಂದೆಲ್ಲ ಹೇಳಿದಳು. ಮೊದಲ ವರ್ಷ ಮೂರು ಮದುವೆ ಸಿಕ್ಕವು. ಮುದ್ದೇಬಿಹಾಳದ ಒಂದು ಮದುವೆಗೆ ನಾನು ಕಳಿಸಿದ ಬ್ಯಾಂಡಿನವರು ಪಕ್ಕದ ಹಳ್ಳಿಯ ಮದುವೆಯಲ್ಲಿ ಇಳಿದು, ಅರ್ಧ ತಾಸು ಬಾರಿಸಿ, ಉಂಡು, ಆಮೇಲೆ ದಾರಿ ಕೇಳಿಕೊಂಡು ಬಂದರು. ಆದರೂ ನನಗೆ ಒಳ್ಳೆಯ ಹೆಸರೇ ಬಂತು.

ನನ್ನ ಬಂಡವಾಳವೆಂದರೆ ಒಂದು ನೋಟ್‌ಬುಕ್ಕು. ಎಷ್ಟು ಮಂದಿಗೆ ಎಷ್ಟು ಸೇರು ಗೋಧಿ, ಒಂದು ಕೊಪ್ಪರಿಗೆಯಲ್ಲಿ ಎಷ್ಟು ಸವುಟು ಹುಗ್ಗಿ, ನೂರು ಮಂದಿಯ ಒಂದು ಪಂಕ್ತಿ ಏಳಲು ಎಷ್ಟು ಹೊತ್ತು, ಎಲ್ಲವೂ ಅದರಲ್ಲಿ ಇತ್ತು. ಈ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕೂ ಇತ್ತು ಅನ್ನಿ. ನಮ್ಮ ಕಡೆಯ ಮದುವೆಯಲ್ಲಿ ಗೋಧಿ ಹುಗ್ಗಿ ಇಲ್ಲದಿದ್ದರೆ ಅದು ಊಟವೇ ಅಲ್ಲ. ಅನ್ನ ಸಾರು ಕಡಿಮೆ ಬಿದ್ದರೆ ಮತ್ತೆ ಬೇಯಿಸಬಹುದು. ಹುಗ್ಗಿಯ ಗೋಧಿಯನ್ನು ಹಿಂದಿನ ದಿನವೇ ಕುಟ್ಟಿ, ಹೊಟ್ಟು ತೆಗೆದು, ನೆನೆಹಾಕಬೇಕು. ಆ ಕ್ಷಣಕ್ಕೆ ಹೆಚ್ಚಿಸಲು ಬರುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ನಾಲ್ಕನೆಯ ಮದುವೆ ಸಿಂದಗಿ ತಾಲೂಕಿನ ದೇವಣಗಾಂವದ್ದು. ಮಾಳಪ್ಪನೆಂಬ ಕುರಿಗಾರನ ಒಬ್ಬಳೇ ಮಗಳು ಕಮಲವ್ವ. ಗಂಡು ಮುದ್ದೇಬಿಹಾಳದ ಕಡೆಯ ಸಾಲಿ ಮಾಸ್ತರ. ಮಾಳಪ್ಪ ಕಡಿಮೆ ಮಾತಿನವನು, ಲೆಕ್ಕದ ಮನುಷ್ಯ. ‘ಊರ ಮಂದೀನ ಮನಿಗೊಬ್ಬರಂಗ ಕರಸ್ರಿ. ಅದರ ಮ್ಯಾಲ ನನಗ ಆಗೂದಿಲ್ಲ,’ ಎಂದು ಮೊದಲೇ ಹೇಳಿದ್ದ. ಇನ್ನೂರು ಚಿಲ್ಲರೆ ಮನೆ, ಬೀಗರು, ನೆಂಟರು ಎಲ್ಲ ಸೇರಿ ನಾನೂರು ಮಂದಿ. ನಾನು ನಾನೂರೈವತ್ತು ಸವುಟು ಹುಗ್ಗಿಗೆ ಗೋಧಿ ಹಾಕಿಸಿದೆ. ಅಡುಗೆಗೆ ಝಳಕಿಯ ಶಿವಲಿಂಗವ್ವನನ್ನು ಕರೆತಂದೆ. ಅರವತ್ತು ದಾಟಿದ ಹೆಂಗಸು, ಬಾಯಲ್ಲಿ ಸದಾ ತಂಬಾಕು, ನಾಲಗೆ ಮಾತ್ರ ಕುಡುಗೋಲು. ಅವಳದೊಂದು ಪದ್ಧತಿ ಇತ್ತು. ಬೆಂದ ಹುಗ್ಗಿಯ ಮೇಲೆ ಒದ್ದೆ ಅರಿವೆ ಮುಚ್ಚಿ, ಒಂದು ಮೂಲೆ ಮಾತ್ರ ಎತ್ತಿ ಸವುಟು ಹಾಕುತ್ತಿದ್ದಳು. ಒಳಗೆ ತಾನೂ ಇಣುಕುತ್ತಿರಲಿಲ್ಲ, ಬೇರೆಯವರಿಗೂ ಬಿಡುತ್ತಿರಲಿಲ್ಲ.

ತಪ್ಪು ಮಾಡಿದವನು ನಾನೇ. ಹಿಂದಿನ ದಿನ ಸಂಜೆ ಊರನ್ನು ಕರೆಯಬೇಕಿತ್ತು. ಕರೆಯುವವನೊಬ್ಬ ಬಾಗಿಲಲ್ಲಿ ನಿಂತು ಕೂಗಿ ಹೋಗುವುದು ಆ ಊರಿನ ರೂಢಿ. ನನಗೆ ಅದು ಬಹಳ ಸಪ್ಪೆ ಅನ್ನಿಸಿತು. ನನ್ನ ವ್ಯವಸ್ಥೆಯ ಮದುವೆ ಅಂದರೆ ಒಂದು ಕಳೆ ಬೇಡವೇ? ಐದು ಮಂದಿ ಮುತ್ತೈದೆಯರನ್ನು ಬ್ಯಾಂಡಿನ ಜೊತೆ ಹೊರಡಿಸಿ, ‘ಬಾಗಿಲಿಗೆ ಕುಂಕುಮ ಹಚ್ರಿ, ಒಳಗ ಹೋಗಿ ಒಲಿಗೂ ಹಚ್ಚಿ ಬರ್ರಿ,’ ಎಂದೆ. ನಮ್ಮದು ಅರ್ಧ ಮರಾಠಿ, ಅರ್ಧ ಕನ್ನಡ ಮಾತಾಡುವ ವೈಷ್ಣವರ ಮನೆ. ನಮ್ಮಲ್ಲಿ ಯಾವ ಶುಭಕಾರ್ಯವಿದ್ದರೂ ಒಲೆಗೆ ಕುಂಕುಮ ಬೀಳುತ್ತದೆ. ಹೆಂಗಸರು ಮುಖ ಮುಖ ನೋಡಿಕೊಂಡರು.

‘ಒಲಿಗೂ ಹಚ್ಚೂದೇನ್ರಿ? ಮಾಳಪ್ಪಣ್ಣ ಹೇಳ್ಯಾನ?’ ಎಂದು ಒಬ್ಬಳು ಕೇಳಿದಳು.

‘ನಾ ಹೇಳಾಕತ್ತೇನಿ, ಹೋಗ್ರಿ,’ ಎಂದೆ ನಾನು, ದೊಡ್ಡ ಜಮೀನ್ದಾರನ ಹಾಗೆ.

ಮರುದಿನ ಬೆಳಿಗ್ಗೆ ಏಳಕ್ಕೆ ನಾನು ಹಂದರದ ಮೂಲೆ ಸರಿಮಾಡುತ್ತಿದ್ದೆ. ಮಾಳಪ್ಪ ಮಾಳಿಗೆ ಹತ್ತಿ ನಿಂತಿದ್ದ. ಅಲ್ಲಿಂದಲೇ ನನ್ನನ್ನು ಕರೆದ. ನಾನು ಮೇಲೆ ಹೋದೆ. ಅವನು ಊರಿನ ಕಡೆ ಕೈ ಮಾಡಿ, ‘ನೋಡ್ರಿ, ಒಂದ ಮನ್ಯಾಗರೆ ಹೊಗಿ ಐತೇನು?’ ಎಂದ. ಇರಲಿಲ್ಲ. ರೊಟ್ಟಿ ಬಡಿಯುವ ಹೊತ್ತಿನಲ್ಲಿ ನಮ್ಮ ಅಡುಗೆಯ ಒಲೆ ಬಿಟ್ಟರೆ ಇಡೀ ದೇವಣಗಾಂವದಲ್ಲಿ ಹೊಗೆಯ ಒಂದು ಎಳೆ ಕೂಡ ಏಳುತ್ತಿರಲಿಲ್ಲ. ನನಗೆ ಇನ್ನೂ ತಿಳಿಯಲಿಲ್ಲ. ಅವನೇ ತಿಳಿಸಿ ಹೇಳಿದ. ಆ ಊರಿನಲ್ಲಿ ಬಾಗಿಲಲ್ಲಿ ಕರೆದರೆ ಮನೆಗೊಬ್ಬರು. ಒಲೆಗೆ ಕುಂಕುಮ ಹಚ್ಚಿದರೆ ಚೂಲಬಂದ್. ಅಂದರೆ, ಇವತ್ತು ನಿಮ್ಮ ಒಲೆ ಬಂದ್, ಮುದುಕರು ಮಕ್ಕಳು ಸಹಿತ ಎಲ್ಲರೂ ನಮ್ಮಲ್ಲಿ ಉಣ್ಣಬೇಕು ಎಂದು. ಕಡಿಮೆ ಹಿಡಿದರೂ ಹನ್ನೊಂದು ನೂರು ಮಂದಿ.

ಮನೆ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬರುತ್ತೇನೆ ಎಂದೆ. ಮಾಳಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಕರದ ಮಂದೀಗೆ ಬರಬ್ಯಾಡ್ರಿ ಅನ್ನೂದಾ? ಅದು ಆಗೂ ಮಾತಲ್ಲ. ನೀವು ಗೊತ್ತಿಲ್ದ ಮಾಡೀರಿ. ಆದ್ರ ಬೀಗರಿಗೆ ಇದು ಗೊತ್ತಾಗೂದಿಲ್ರಿ, ನನ್ನನ್ನ ಆಡಿಕೋತಾರ,’ ಎಂದು ಕೆಳಗಿಳಿದು ಹೋದ. ಮೆಟ್ಟಿಲ ಬುಡದಲ್ಲಿ ಕಮಲವ್ವ ನಿಂತಿದ್ದಳು, ಮುಖದ ತುಂಬ ಅರಿಷಿಣ. ಎಲ್ಲ ಕೇಳಿಸಿಕೊಂಡಿದ್ದಳು. ‘ಅಣ್ಣಾ, ಊಟ ಸಾಲಲಾರದ ಮದುವಿ ಹುಡಿಗಿ ಅಂತ ನನಗ ಹೆಸರಿಡ್ತಾರ. ಸಾಯೂ ಮಟ ಅದ ಹೆಸರ್ಲೆ ಕರೀತಾರ,’ ಎಂದಳು. ಅವಳು ಅಳಲಿಲ್ಲ. ನನಗೇ ಅಳು ಬಂತು.

ಕಿರಾಣಿ ಅಂಗಡಿಯಿಂದ ಅಕ್ಕಿ ತರಿಸಿದೆ. ಅನ್ನ ಸಾರಿನ ಚಿಂತೆ ತೀರಿತು. ಹುಗ್ಗಿಗೆ ದಾರಿ ಇರಲಿಲ್ಲ. ಶಿವಲಿಂಗವ್ವನ ಮುಂದೆ ಹೋಗಿ ನಿಂತು ಎಲ್ಲ ಹೇಳಿದೆ. ಅವಳು ತಂಬಾಕು ಉಗುಳಿ, ‘ಎಷ್ಟ ಐತಿ ಅಷ್ಟ ಐತಿ. ನೀಡೂ ಮುಂದ ಕೈ ಹಿಂದ ತಗೀಬ್ಯಾಡ್ರಿ. ಮುಗದ ಮ್ಯಾಲ ನೋಡೂಣು,’ ಎಂದಳು.

ಹನ್ನೊಂದೂವರೆಗೆ ಅಕ್ಕಿಕಾಳು ಬಿತ್ತು. ಬ್ಯಾಂಡಿನವರು ಜೀವ ಬಿಟ್ಟು ಬಾರಿಸಿದರು. ಆಮೇಲೆ ಊರು ಬಂತು ನೋಡಿ. ಕೋಲು ಊರಿಕೊಂಡ ಮುದುಕರು, ಕಂಕುಳ ಕೂಸುಗಳು, ಹೊಸ ಇಲಕಲ್ ಸೀರೆಯುಟ್ಟ ಸೊಸೆಯಂದಿರು, ಎಲ್ಲರ ಮುಖದಲ್ಲೂ ಅಂಥ ಸಂತೋಷ. ‘ಮಾಳಪ್ಪ ನಮ್ಮ ಒಲೀಗೆ ಕುಂಕುಮ ಹಚ್ಚಿಸ್ಯಾನ್ರಿ, ಎಷ್ಟ ವರ್ಷದ ಮ್ಯಾಲ ಚೂಲಬಂದ್ ಆತು,’ ಎಂದು ಒಬ್ಬ ಅಜ್ಜಿ ನನ್ನ ಗಲ್ಲ ಮುಟ್ಟಿ ಹೇಳಿದಳು. ನಾನು ಹಲ್ಲು ಕಿರಿದೆ. ಸಿಂದಗಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಒಬ್ಬನನ್ನು ಮೆಲ್ಲಗೆ ಕೇಳಿದ್ದೂ ನಿಜ.

ನೀಡುವವರಿಗೆ ಅರ್ಧ ಸವುಟು ಹಾಕಿ ಎಂದು ಕಿವಿಯಲ್ಲಿ ಹೇಳಿದ್ದೆ. ಯಾರು ಕೇಳುತ್ತಾರೆ? ಬೀಗರಿಗೂ ಇವರಿಗೂ ಚೇಷ್ಟೆ ಶುರುವಾಗಿತ್ತು. ಗಂಡಿನ ಕಾಕಾ ಒಬ್ಬನೇ ಮೂರು ಸವುಟು ಉಂಡ. ‘ಮಾಸ್ತರ ಮನಿಯವ್ರು ಎಣಿಸಿ ಉಣ್ತಾರೇನು?’ ಎಂದು ಅವನನ್ನು ಕಾಡಿ ನಾಲ್ಕನೆಯದನ್ನೂ ಹಾಕಿದರು. ಪ್ರತಿ ಪಂಕ್ತಿಗೆ ನಾನು ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಈ ಲೆಕ್ಕದಲ್ಲಿ ಮೂರನೆಯ ಪಂಕ್ತಿಗೇ ತಳ ಕಾಣಬೇಕಿತ್ತು. ನಾಲ್ಕನೆಯದು ಎದ್ದಿತು. ಐದನೆಯದಕ್ಕೆ ಬಕೀಟುಗಳು ಸ್ವಲ್ಪ ತಡವಾಗಿ ಬಂದವು. ಆದರೆ ತುಂಬಿ ಬಂದವು, ಮೇಲೆ ಹಬೆ ಆಡುತ್ತಿತ್ತು.

ಆರನೆಯ ಪಂಕ್ತಿ ಕೂತಾಗ ತಡೆಯಲಾಗಲಿಲ್ಲ. ಅಡುಗೆಯ ಜಾಗಕ್ಕೆ ಹೋಗಿ ಅರಿವೆಗೆ ಕೈ ಹಾಕಿದೆ. ಶಿವಲಿಂಗವ್ವ ಸವುಟಿನ ಹಿಡಿಯಿಂದ ನನ್ನ ಕೈಗೆ ಫಟ್ಟನೆ ಹೊಡೆದಳು. ‘ಎಣಿಸಬ್ಯಾಡೋ ತಮ್ಮಾ. ಎಣಿಸಿದ್ರ ಅನ್ನ ಮುನಸ್ಕೊಂಡ ಎದ್ದ ಹೋಗತೈತಿ,’ ಎಂದು ಹೇಳಿ, ಯಾಕೋ ನನ್ನ ಮುಖ ನೋಡಿ ಚೆನ್ನಾಗಿ ನಕ್ಕಳು. ನಾನು ನೋಟ್‌ಬುಕ್ಕನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಬಕೀಟು ಹಿಡಿದು ನಾನೇ ನೀಡಲು ನಿಂತೆ. ಅಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ. ‘ಸಾಕ್ರಿ, ಸಾಕ್ರಿ’ ಎನ್ನುವವರ ಎಲೆಗೂ ಹಾಕಿದೆ.

ಹನ್ನೊಂದು ಪಂಕ್ತಿ ಎದ್ದವು. ಕೊನೆಗೆ ಬ್ಯಾಂಡಿನವರೂ ಉಂಡರು. ಆಗ ಶಿವಲಿಂಗವ್ವ ಅರಿವೆ ತೆಗೆದಳು. ತಳದಲ್ಲಿ ಮೂರು ಸವುಟಿನಷ್ಟು ಹುಗ್ಗಿ ಇತ್ತು. ಮಾಳಪ್ಪ, ಅವಳು, ನಾನು ಅಲ್ಲಿಯೇ ಎಲೆ ಹಾಸಿಕೊಂಡು ಉಂಡೆವು. ಕುರಿಗಾರನ ಮನೆಯಲ್ಲಿ ಉಂಡದ್ದನ್ನು ಮಡಿಯ ನಮ್ಮ ತಾಯಿಗೆ ನಾನು ಹೇಳಲಿಲ್ಲ. ಹುಗ್ಗಿ ಇನ್ನೂ ಬಿಸಿಯಾಗಿತ್ತು. ಮಾಳಪ್ಪ ಉಣ್ಣುತ್ತ ಉಣ್ಣುತ್ತ ಅತ್ತ. ಕಮಲವ್ವ ಬೀಗರ ಲಾರಿ ಹತ್ತುವಾಗ ಹೊಟ್ಟೆ ನೀವಿಕೊಳ್ಳುತ್ತಿದ್ದ ಗಂಡಿನ ಕಾಕಾನನ್ನು ತೋರಿಸಿ ನನ್ನ ಕಡೆ ನೋಡಿ ನಕ್ಕಳು.

ಆಮೇಲೆ ನಾನು ಸುಮ್ಮನೆ ಕೂಡಲಿಲ್ಲ. ಊರಿನ ಹೆಂಗಸರು ಗುಟ್ಟಾಗಿ ತಮ್ಮ ಮನೆಗಳಿಂದ ತಂದು ಸುರಿದರೇ? ಆದರೆ ಅವತ್ತು ಊರಿನಲ್ಲಿ ಒಂದು ಒಲೆಯೂ ಉರಿದಿರಲಿಲ್ಲ. ಅದನ್ನು ನಾನೇ ಮಾಳಿಗೆಯಿಂದ ಕಂಡಿದ್ದೆ. ಸವುಟು ಚಿಕ್ಕದಿತ್ತೇ? ಅದು ನಮ್ಮ ಅಂಗಡಿಯದೇ. ಮುಂದಿನ ಮೂರು ಮದುವೆಗಳಲ್ಲಿ ಅದೇ ಸವುಟು, ಅದೇ ಕೊಪ್ಪರಿಗೆ ಇಟ್ಟು ಅಳೆದೆ. ನಾನೂರೈವತ್ತಕ್ಕೆ ಐದಾರು ಹೆಚ್ಚು ಕಡಿಮೆ, ಅಷ್ಟೇ. ಕೊನೆಗೆ, ಇದು ಶಿವಲಿಂಗವ್ವನ ಕೈಚಳಕ, ಏನೋ ಮಾಡಿದ್ದಾಳೆ, ಹೇಳುತ್ತಿಲ್ಲ ಎಂದು ತೀರ್ಮಾನಿಸಿಬಿಟ್ಟೆ. ಅಷ್ಟರಲ್ಲಿ ‘ದೇವಣಗಾಂವದಾಗ ಹುಗ್ಗಿ ಉಣಿಸಿದವ್ರು ನೀವ ಏನ್ರಿ?’ ಎಂದು ಸುತ್ತಿನ ನಾಲ್ಕು ತಾಲೂಕಿನವರು ಹುಡುಕಿಕೊಂಡು ಬರತೊಡಗಿದ್ದರು. ನನಗೂ ವಿಚಾರ ಮಾಡಲು ಪುರುಸೊತ್ತು ಇರಲಿಲ್ಲ.

ಆ ದಶಕ ಮುಗಿಯುತ್ತ ಬಂದಿತ್ತು. ಕನ್ನೊಳ್ಳಿಯಲ್ಲಿ ಒಂದು ಮದುವೆ. ಇದೇ ತನ್ನ ಕೊನೆಯ ಅಡುಗೆ, ಇನ್ನು ಕೈಲಾಗುವುದಿಲ್ಲ ಎಂದು ಶಿವಲಿಂಗವ್ವ ಹೇಳಿದ್ದಳು. ಮೊದಲ ಪಂಕ್ತಿ ಕೂಡುವ ಮುಂಚೆ ನನ್ನನ್ನು ಹತ್ತಿರ ಕರೆದಳು.

‘ಒಂದ ಮಾತ ಕೇಳ್ತೇನಿ, ಖರೇ ಹೇಳಬೇಕು. ದೇವಣಗಾಂವದಾಗ ಅವತ್ತ ನೀ ಹುಗ್ಗಿ ಎಲ್ಲಿಂದ ತರಿಸಿದಿ?’

ನಾನು ನಕ್ಕೆ. ಇಷ್ಟು ವರ್ಷ ನಾನು ಅವಳನ್ನು ಕೇಳಬೇಕೆಂದಿದ್ದ ಪ್ರಶ್ನೆ ಅದು.

‘ನಗಬ್ಯಾಡ. ನಾಕನೇ ಪಂಕ್ತಿಗೆ ನನ್ನ ಸವುಟು ತಳಕ್ಕ ಬಡೀತು. ಕಟ್ ಅಂತ ಸಪ್ಪಳಾತು. ಮಂದಿಗೆ ಏನ ಹೇಳ್ಲಿ ಅಂತ ಎದ್ದ ಹಿತ್ತಲಕ್ಕ ಹೋಗಿ ಕುಂತ ಅತ್ತೆ. ಮಾರಿ ತೊಳಕೊಂಡ ಬಂದು ಸವುಟು ಇಳಿಸಿದ್ರ, ಹಿಡಿ ಮಟ ಮುಳುಗ್ತು. ನೀನ ತಂದ ಸುರುವಿ ಹೋಗೀದಿ ಅಂತ ತಿಳದೆ. ಆಮ್ಯಾಲ ಏನೂ ಗೊತ್ತಿಲ್ದವರಂಗ ಅರಿವಿ ತಗ್ಯಾಕ ಬಂದ್ಯಲ್ಲಾ, ಏನ್ ನಾಟಕಾ ಮಾಡ್ತಾನಪಾ ಅಂತ ನಕ್ಕಿದ್ದೆ. ನಿನ್ನ ಮರ್ಯಾದಿ ಹೋದೀತು ಅಂತ ಯಾರ ಮುಂದೂ ಬಾಯಿ ಬಿಟ್ಟಿಲ್ಲ.’

‘ನಾನಲ್ಲ, ಶಿವಲಿಂಗವ್ವಾ,’ ಎಂದೆ.

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಾನೂ ಅವಳ ಮುಖ ನೋಡಿದೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಆಮೇಲೆ ಅವಳು ತಂಬಿಗೆಯ ನೀರನ್ನು ಕೊಪ್ಪರಿಗೆಯ ಅರಿವೆಯ ಮೇಲೆ ಚಿಮುಕಿಸಿ, ಮೂಲೆ ಎತ್ತಿದಳು.

‘ಹಂಗಾರ ನಾ ಕೇಳಬಾರದಿತ್ತು,’ ಎಂದಳು. ‘ಹೋಗು, ಮಂದಿ ಕುಂತಾರ.’

ನಾನು ಬಕೀಟು ತುಂಬಿಸಿಕೊಂಡು ಹೊರಗೆ ಹೋದೆ. ಅವತ್ತು ಎಷ್ಟು ಪಂಕ್ತಿ ಎದ್ದವು ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ನಾನು ಎಣಿಸಲಿಲ್ಲ.