ದಿನ್ನಿ ಓಣಿಯ ನಳ

ಕಾಸಿಮಸಾಬರನ್ನು ನಾನು ಮೊದಲು ಕಂಡದ್ದು ೧೯೮೮ರ ಜೂನ್ ತಿಂಗಳಲ್ಲಿ, ತೆಲಸಂಗದ ಆಚೆಯ ಹಳ್ಳಿಯ ಶಾಲೆಗೆ ವರ್ಗವಾಗಿ ಬಂದ ದಿನ. ಊರವರೇ ಸಮಿತಿ ಕಟ್ಟಿಕೊಂಡು, ಮನೆಗೊಬ್ಬರಂತೆ ನೆಲ ಅಗೆದು ಪೈಪು ಹೂಳಿ, ಅಂದು ಮೊದಲ ಸಲ ನಳಕ್ಕೆ ನೀರು ಬಿಡುವವರಿದ್ದರು. ನೀರು ಬಿಡುವ ಆ ಕೆಲಸಕ್ಕೆ ಪೇಟೆ ಓಣಿಯವರು ದಿನ್ನಿ ಓಣಿಯವರನ್ನು ಒಪ್ಪಲಿಲ್ಲ, ದಿನ್ನಿಯವರು ಪೇಟೆಯವರನ್ನು ಒಪ್ಪಲಿಲ್ಲ. ಎರಡೂ ಓಣಿಗೆ ಸೇರದೆ ದರ್ಗಾದ ಬಳಿ ಮನೆ ಮಾಡಿಕೊಂಡಿದ್ದ ಕಾಸಿಮಸಾಬರ ಕೈಗೆ ವಾಲ್ವಿನ ಚಾವಿ ಬಂತು.

ನಾಲ್ಕು ವರ್ಷ ಎಲ್ಲರಿಗೂ ನೀರು ಸಿಕ್ಕಿತು. ಆಮೇಲೆ ನಳಗಳು ಹೆಚ್ಚಾಗಿ, ಎತ್ತರದ ದಿನ್ನಿ ಓಣಿಯ ತುದಿಯಲ್ಲಿದ್ದ ಲಕ್ಕವ್ವನ ಮನೆಗೆ ನೀರು ಹತ್ತದಾಯಿತು.

"ಕಾಸಿಮಣ್ಣಾ, ನನ್ನ ನಳ ಬರೇ ಗಾಳಿ ಊದತೈತಿ. ಒಲಿ ಮುಂದ ತಂದ ಹಚ್ಚಿಬಿಡು, ನನಗ ಊದೂದರ ತಪ್ಪತೈತಿ."

ಕಾಸಿಮಸಾಬರು ಅಂದೇ ಗುದ್ದಲಿ ತಂದರು. ನಳದ ಬುಡದಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ಪೈಪು ಕತ್ತರಿಸಿ ನಳವನ್ನು ಗುಂಡಿಗಿಳಿಸಿದರು. ನೀರು ಧಾರೆಯಾಗಿ ಬಂತು.

ಅದನ್ನು ಕಂಡ ನೆರೆಯವರು ಒಂದು ಗೇಣು ಹೆಚ್ಚು ತೋಡಿದರು, ಅವರ ನೆರೆಯವರು ಎರಡು ಗೇಣು. ವರ್ಷ ತುಂಬುವುದರೊಳಗೆ ಪೇಟೆ ಓಣಿಯಲ್ಲೂ ಮೆಟ್ಟಿಲಿಳಿದು ಕೊಡ ತುಂಬುವಷ್ಟು ಆಳದ ಗುಂಡಿಗಳಾದವು. ನೀರು ನಿಂತ ಹೊತ್ತಿನಲ್ಲಿ ಗುಂಡಿಯ ರಾಡಿ ಪೈಪಿನೊಳಗೆ ಸೇರಿ ಮಕ್ಕಳಿಗೆ ವಾಂತಿ-ಭೇದಿ ಹತ್ತಿತು. ಗುಂಡಿ ಮುಚ್ಚಿರೆಂದು ಕಾಸಿಮಸಾಬರು ಮನೆಮನೆಗೆ ತಿರುಗಿದರು.

"ಮೊದಲ ತೋಡಿದಾಂವ ನೀನ," ಎಂದ ಸಮಿತಿಯ ಹಿರಿಯ ದಾದಾಸಾಹೇಬ. "ಈಗ ನಮಗ ಶ್ಯಾಣೇತನ ಹೇಳಾಕ ಬಂದಿ."

ಕಾಸಿಮಸಾಬರು ಲಕ್ಕವ್ವನ ಬಳಿಗೆ ಹೋದರು. "ಯವ್ವಾ, ನಿನ್ನ ಗುಂಡಿ ಮೊದಲ ಮುಚ್ಚೂನು. ಆಮ್ಯಾಲ ಅವರಿಗೆ ಮಾತಾಡಾಕ ಬಾಯಿ ಇರೂದಿಲ್ಲ."

"ಅವರ ಬಾಯಿ ಬಂದಾದ್ರ ನನ್ನ ಕೊಡ ತುಂಬತೈತೇನಪಾ?" ಎಂದಳಾದರೂ ಲಕ್ಕವ್ವ ತಾನೇ ಬುಟ್ಟಿಯಲ್ಲಿ ಮಣ್ಣು ತಂದು ಸುರಿದಳು.

ಊರಲ್ಲಿ ಮತ್ತಾರೂ ಒಂದು ಬುಟ್ಟಿ ಮಣ್ಣು ಹಾಕಲಿಲ್ಲ. ಸಭೆಗೆಂದು ಕಾಸಿಮಸಾಬರು ಮೂರು ಸಲ ಡಂಗುರ ಸಾರಿಸಿದರು. ಮೂರು ಸಲವೂ ಚಾವಡಿಯಲ್ಲಿ ಕುಳಿತವರು ಅವರೊಬ್ಬರೇ. ಲಕ್ಕವ್ವನ ಗುಂಡಿಯನ್ನು ಮತ್ತೆ ತೋಡಹೋದರು. ನೆರೆಯವರಷ್ಟು ಆಳಕ್ಕಿಳಿಯಲು ಬಂಡೆ ಬಿಡಲಿಲ್ಲ, ಅವಳ ನಳಕ್ಕೆ ನೀರು ಹತ್ತಲಿಲ್ಲ.

ಈಗ ಕಾಸಿಮಸಾಬರಿಗೆ ಎಪ್ಪತ್ತರ ಹತ್ತಿರ. ಚಾವಿ ಇಸಿದುಕೊಳ್ಳಲು ಸಮಿತಿಯೇ ಉಳಿದಿಲ್ಲವಾಗಿ ದಿನಾ ಬೆಳಗ್ಗೆ ಅವರೇ ವಾಲ್ವು ತಿರುಗಿಸುತ್ತಾರೆ. ಅದೇ ಹೊತ್ತಿಗೆ ಮುದುಕಿಯಾದ ಲಕ್ಕವ್ವ ಕೊಡ ಹೊತ್ತು ಹಳ್ಳದ ಬಾವಿಗೆ ಹೊರಡುತ್ತಾಳೆ. ವಾಲ್ವು ಬಿಟ್ಟು ಮರಳುವಾಗ ದಿನ್ನಿ ಓಣಿಯಲ್ಲಿ ಹಾದುಹೋದರೆ ಕಾಸಿಮಸಾಬರಿಗೆ ಮನೆ ಹತ್ತಿರ. ಅವರು ಹೊಲದ ಬದುವಿನ ಮೇಲೆ ಸುತ್ತು ಹಾಕಿ ಹೋಗುತ್ತಾರೆ.