ರಿವರ್ಸಿನಲ್ಲಿ ಹತ್ತಿದ ಬೆಟ್ಟ

ಡ್ರೈವಿಂಗ್ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಕಾರು ಕಲಿಸಿದ ಆಕೆಗೆ ಊರವರಿಟ್ಟ ಹೆಸರು ಬ್ರೇಕಮ್ಮ. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕಿನ ಮೇಲೆ ಬಲಗಾಲಿಟ್ಟುಕೊಂಡು, ಕೈ ನಡುಗುವ ಹೆಂಗಸರನ್ನೂ ಎಲ್ಲ ಗೊತ್ತೆಂದು ಬೀಗುವ ಗಂಡಸರನ್ನೂ ಆಕೆ ರಸ್ತೆಗೆ ಹಚ್ಚಿದ್ದಳು. ಅವಳಿಂದ ಬೈಸಿಕೊಂಡವರೇ ಆಮೇಲೆ ತಂಗಿಯನ್ನೋ ಸೊಸೆಯನ್ನೋ ಕರೆತಂದು ಅವಳ ಕೈಗೊಪ್ಪಿಸುತ್ತಿದ್ದರು.

ಏಟು ಬಿದ್ದದ್ದು ಆ ಬಲಗಾಲಿಗೇ. ಮೈದಾನದಲ್ಲಿ ಕಾರು ನಿಲ್ಲಿಸುವ ಪಾಠ ನಡೆದಿತ್ತು. ಗುರುತಿಗಿಟ್ಟ ಕಂಬಗಳಲ್ಲಿ ಬಿದ್ದ ಒಂದನ್ನು ನೆಟ್ಟಗೆ ನಿಲ್ಲಿಸಲು ಅವಳು ಕೆಳಗಿಳಿದಿದ್ದಾಗ ಒಳಗಿದ್ದವನು ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದ. ಮೊಣಕಾಲಿನ ಕೆಳಗೆ ಎಲುಬು ಎರಡು ಕಡೆ ಮುರಿಯಿತು. ಒಂದು ಲೋಹದ ಪಟ್ಟಿ, ಎಂಟು ಸ್ಕ್ರೂ, ಐದು ತಿಂಗಳ ಮಂಚ. ಕಾರಿಗೇನೂ ಆಗಿಲ್ಲ, ಗ್ಯಾರೇಜ್ ಸೇರಿದ್ದು ನಾನೇ ಎಂದು ನೋಡಲು ಬಂದವರನ್ನೆಲ್ಲ ನಗಿಸಿದಳು. ಎದ್ದು ನಿಂತಾಗ ಪಾದದ ಕೀಲು ಪೂರ್ತಿ ಮಡಚುತ್ತಿರಲಿಲ್ಲ.

ಶಾಲೆಯ ಮಾಲೀಕ ಒಳ್ಳೆಯವನೇ. ಕೆಲಸದಿಂದ ತೆಗೆಯದೆ, ಆಫೀಸಿನ ಒಳಕೋಣೆಯಲ್ಲಿ ಲೈಸೆನ್ಸ್ ಅರ್ಜಿಗಳ ಕಟ್ಟಿನ ಪಕ್ಕ, ಫೋನಿನ ಮುಂದೆ ಕೂರಿಸಿದ. ಕಾಲು ಸರಿಹೋಗಲಿ, ಆಮೇಲೆ ನೋಡೋಣ ಎಂದ. ಆ ‘ನೋಡೋಣ’ದ ಅರ್ಥ ತಿಳಿಯದಷ್ಟು ದಡ್ಡಿಯಲ್ಲ ಅವಳು. ತನ್ನ ಕಾರಿನಲ್ಲಿ ಬೇರೊಬ್ಬ ಕೂತು ಕಿಟಕಿಯಾಚೆ ಹಾದುಹೋಗುವಾಗ ಅರ್ಜಿಗಳಲ್ಲಿ ಮುಖ ಹುದುಗಿಸಿಕೊಳ್ಳುತ್ತಿದ್ದಳು.

ಮಗಳಿಗೆ ರಾಷ್ಟ್ರೀಯ ಉದ್ಯಾನದಲ್ಲಿ ಆಗತಾನೇ ಅರಣ್ಯ ರಕ್ಷಕಿಯ ಕೆಲಸ ಸಿಕ್ಕಿತ್ತು. ಅವಳ ಕ್ವಾರ್ಟರ್ಸಿಗೆ ಹೋದ ಬ್ರೇಕಮ್ಮ ಈ ಕಾಲಿನಲ್ಲೇ ಅಲ್ಲಿಯ ಬೆಟ್ಟ ಹತ್ತಿ ತೋರಿಸುತ್ತೇನೆಂದು ಹಟ ಹಿಡಿದಳು. ಮೊದಲು ಹೋದದ್ದು ಎಲ್ಲರೂ ಹೋಗುವ ದಾರಿಯಲ್ಲಿ. ಮೆಟ್ಟಿಲು, ಕಂಬಿ, ಹಿಂದೆ ಮುಂದೆ ಜನವೋ ಜನ. ಇವಳ ಬೆನ್ನಹಿಂದೆ ಸಾಲು ಬೆಳೆಯಿತು. ಸ್ವಲ್ಪ ದಾರಿ ಬಿಡಿ ಎಂದವರು ಹತ್ತಾರು. ಒಬ್ಬಾತನಂತೂ ಹೇಳದೆ ಕೇಳದೆ ಕಂಕುಳಿಗೆ ಕೈಹಾಕಿ ಅವಳನ್ನು ಎತ್ತಿ ಪಕ್ಕಕ್ಕಿಟ್ಟ. ಉಪಕಾರವೆಂದೇ ಮಾಡಿದ್ದು. ಅವಳು ಅಲ್ಲಿಂದಲೇ ಇಳಿದುಬಂದಳು.

ಮತ್ತೊಮ್ಮೆ ಬೆಟ್ಟದ ಸುದ್ದಿ ತೆಗೆದವಳು ಮಗಳೇ. ಪೂರ್ವದ ಕಡೆಯಿಂದ ಇನ್ನೊಂದು ಶಿಖರಕ್ಕೆ ಕಾಲುದಾರಿಯಿತ್ತು.

“ಅಲ್ಲಿ ಮೆಟ್ಟಿಲಿಲ್ಲಮ್ಮ, ಕಂಬೀನೂ ಇಲ್ಲ. ದೂರಾನೂ ಜಾಸ್ತಿ. ಆದ್ರೆ ವಾರಕ್ಕೆ ಹತ್ತು ಜನ ಹೋದ್ರೆ ಹೆಚ್ಚು. ಹಿಂದಿನಿಂದ ಹಾರ್ನ್ ಹೊಡೆಯೋರು ಯಾರೂ ಇರಲ್ಲ.”

“ಅಷ್ಟು ಸಾಕು ಬಿಡು,” ಎಂದಳು ತಾಯಿ.

ಮಗಳ ಷರತ್ತು ಒಂದೇ: ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೆ ಅಲ್ಲಿಂದಲೇ ವಾಪಸು.

ಮೂರು ತಿಂಗಳು ತಯಾರಿ ನಡೆಯಿತು. ಬ್ರೇಕಮ್ಮನ ಗಂಡ ದರ್ಜಿ, ಮಾತಿಗೆ ಮಹಾ ಜಿಪುಣ. ಅವನ ಅಂಗಡಿ ಇದ್ದ ಕಟ್ಟಡದ ನಾಲ್ಕು ಮಹಡಿಯನ್ನು ಅವಳು ದಿನಕ್ಕೆ ಮೂರು ಸಲ ಹತ್ತಿಳಿದಳು. ಅವನು ದಪ್ಪ ಬಟ್ಟೆಯಲ್ಲಿ ಅವಳಿಗೊಂದು ಪ್ಯಾಂಟು ಹೊಲಿದಿಟ್ಟ. ತಾನೂ ಜೊತೆಗೆ ಹೊರಟ.

ಬೆಳಗ್ಗೆ ಆರಕ್ಕೆ ಗಂಡ ಹೆಂಡತಿ ಇಬ್ಬರೇ ಕಾಡು ಹೊಕ್ಕರು. ಒಣ ಎಲೆಯ ಮೇಲೆ ತಮ್ಮದೇ ಹೆಜ್ಜೆಯ ಸಪ್ಪಳ ಬಿಟ್ಟರೆ ಹಕ್ಕಿಗಳ ಕೂಗು ಮಾತ್ರ. ಅವಳು ನಿಲ್ಲಬೇಕೆನಿಸಿದಲ್ಲಿ ನಿಂತಳು, ಕೂರಬೇಕೆನಿಸಿದಲ್ಲಿ ಬೇರಿನ ಮೇಲೆ ಕೂತಳು. ಯಾರಿಗೂ ದಾರಿ ಬಿಡಬೇಕಿರಲಿಲ್ಲ. ಒಂದು ಜಿಂಕೆ ಮಾತ್ರ ಎದುರು ಬಂದು, ಇವರನ್ನು ನೋಡಿ ತಾನೇ ಪಕ್ಕಕ್ಕೆ ಸರಿದು ಹೋಯಿತು. ತೊರೆ ದಾಟಿದರು. ಮರಗಳು ಗಿಡ್ಡವಾದವು, ಗಾಳಿ ಜೋರಾಯಿತು. ಹನ್ನೆರಡರ ಹೊತ್ತಿಗೆ ದಾರಿಗೆ ಅಡ್ಡಲಾಗಿ ಬಂಡೆ ಬಂತು. ಎರಡಾಳೆತ್ತರದ, ಓರೆಯಾಗಿ ಮಲಗಿದ ನುಣುಪು ಬಂಡೆ. ಪಾದ ಮಡಚದೆ ಅದನ್ನು ಹತ್ತುವುದು ಆಗದ ಮಾತು. ಮೂರು ಸಲ ಪ್ರಯತ್ನಿಸಿದಳು, ಮೂರು ಸಲವೂ ಜಾರಿದಳು.

“ಇಲ್ಲೀವರೆಗೆ ಬಂದಿದ್ದೇ ದೊಡ್ಡದು ಕಣೆ,” ಎಂದ ಗಂಡ. “ವಾಪಸ್ ಹೋಗೋಣ್ವಾ?”

ಅವಳು ಇಕ್ಕಟ್ಟು ಓಣಿಯನ್ನು ಅಳೆಯುವವಳಂತೆ ಬಂಡೆಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಬೆನ್ನು ತಿರುಗಿಸಿ ಅದರ ಮೇಲೆ ಕೂತೇಬಿಟ್ಟಳು.

“ಮುಂದಕ್ಕೆ ನುಗ್ಗದಿದ್ರೆ ಗಾಡೀನ ರಿವರ್ಸಲ್ಲಿ ಹಾಕ್ಬೇಕು ರೀ. ನೀವು ಮೇಲೆ ಹೋಗಿ ದಾರಿ ತೋರ್ಸಿ.”

ಎರಡೂ ಅಂಗೈ ಹಿಂದಕ್ಕೆ ಊರಿ, ಎಡಗಾಲಿನಿಂದ ಒದ್ದುಕೊಂಡು, ಒಂದೊಂದೇ ಗೇಣು ಮೇಲೆ ಸರಿದಳು. ಮೇಲೆ ನಿಂತ ದರ್ಜಿ, “ಬರ್ಲಿ, ಬರ್ಲಿ... ಎಡಕ್ಕೆ... ಹಾಂ, ನೇರ ಬರ್ಲಿ,” ಎನ್ನುತ್ತ ಕೈಬೀಸಿದ. ಮದುವೆಯಾದಾಗಿನಿಂದ ಅವನು ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದು ಅದೇ ಮೊದಲು. ಅಂಗೈ ತರಚಿತು, ಬೆವರು ಕಣ್ಣಿಗಿಳಿಯಿತು. ಇಪ್ಪತ್ತು ನಿಮಿಷಕ್ಕೆ ಬೆನ್ನು ಅವನ ಮೊಣಕಾಲಿಗೆ ತಾಗಿತು.

ಅಲ್ಲಿಂದಾಚೆಗಿನದು ಬರೀ ಹುಲ್ಲು. ಒಂದಕ್ಕೆ ಹತ್ತು ನಿಮಿಷವಿರುವಾಗ ಅವಳು ಶಿಖರದ ಕಲ್ಲುಗುಡ್ಡೆಯ ಮೇಲೆ ಕೈಯಿಟ್ಟಳು. ಅಲ್ಲಿಂದ ಮೇಲೆ ಆಕಾಶ ಬಿಟ್ಟು ಏನೂ ಇರಲಿಲ್ಲ. ಕಣಿವೆಯಾಚೆ, ತುಸು ಕೆಳಗೆ, ಜನಸಂದಣಿಯ ಆ ಮೊದಲಿನ ಶಿಖರ ಕಾಣಿಸಿತು. ಅದರ ಮೇಲೆ ಇರುವೆ ಮುತ್ತಿದಂತೆ ಜನ. ತಾನು ಅವರೆಲ್ಲರಿಗಿಂತ ಮೇಲಿದ್ದೇನೆಂದು ತಿಳಿದ ಗಳಿಗೆಯಲ್ಲಿ ಅವಳಿಗೆ ನಗು ಉಕ್ಕಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಗಂಡ ಅವಳ ಹಿಂದೆ ಬಗ್ಗಿ ಪ್ಯಾಂಟು ಪರೀಕ್ಷಿಸುತ್ತಿದ್ದ.

“ಬಟ್ಟೆ ಸವೆದಿದೆ ಅಷ್ಟೆ,” ಎಂದ. “ಹೊಲಿಗೆ ಬಿಟ್ಟಿಲ್ಲ.”

ಇಳಿದು ಬರುವಾಗ ಸಂಜೆ ಐದು. ಅರಣ್ಯ ಚೌಕಿಯ ಬಳಿ ಸಮವಸ್ತ್ರದಲ್ಲಿ ಕಾಯುತ್ತಿದ್ದ ಮಗಳು, ವಾಪಸಾದ ಹೊತ್ತನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು, ಆಮೇಲೆ ಸರ್ಕಾರಿ ಗಾಂಭೀರ್ಯವನ್ನೆಲ್ಲ ಬದಿಗಿಟ್ಟು ತಾಯಿಯನ್ನು ಬಾಚಿ ತಬ್ಬಿಕೊಂಡಳು.

ಸೋಮವಾರ ಬ್ರೇಕಮ್ಮ ಒಳಕೋಣೆಗೆ ಹೋಗಲಿಲ್ಲ. ನೇರ ಮಾಲೀಕನ ಮೇಜಿನ ಮುಂದೆ ನಿಂತಳು.

“ನೀವು ಗಾಡಿ ಓಡ್ಸಿ ಸರ್. ನಾನು ನಿಲ್ಲಿಸ್ತೀನಿ.”

ಅವನು ಹಿಂದುಮುಂದು ನೋಡುತ್ತಲೇ ಕಾರು ತೆಗೆದ. ಮೈದಾನದ ನಡುವೆ ವೇಗ ಏರಿಸಿದ. ಪಕ್ಕದ ಸೀಟಿನಲ್ಲಿದ್ದ ಅವಳು ಮುನ್ಸೂಚನೆಯಿಲ್ಲದೆ ಎರಡನೇ ಬ್ರೇಕಿನ ಮೇಲೆ ಬಲಗಾಲು ಒತ್ತಿದಳು. ಕಾರು ಗಕ್ಕನೆ ನಿಂತಿತು. ಮಾಲೀಕನ ಕನ್ನಡಕ ಹಾರಿ ಡ್ಯಾಶ್‌ಬೋರ್ಡಿನ ಮೇಲೆ ಬಿತ್ತು. ಅದನ್ನೆತ್ತಿ ಒರೆಸುತ್ತ ಅವನು ಹೇಳಿದ್ದಿಷ್ಟೇ: “ನಾಳೆ ಏಳು ಗಂಟೆ ಬ್ಯಾಚ್ ನಿಮ್ದು.”

ಮರುದಿನ ಏಳಕ್ಕೆ ಇನ್ನೂ ಕಾಲು ಗಂಟೆಯಿರುವಾಗಲೇ ಆಕೆ ಮೈದಾನದಲ್ಲಿ ಕಾರಿನ ಗಾಜು ಒರೆಸುತ್ತ ನಿಂತಿದ್ದಳು.